ನಾಲೆ ನೀರು ಹುಟ್ಟುವ ಕಾಡಲ್ಲಿ ಒಂದು ದಿನ: ದಾವಣಗೆರೆಯಿಂದ ಕುದುರೆಮುಖಕ್ಕೆ

ಕೊನೆಭಾಗದವನು:

ಎಲ್ಲರಿಗೂ ನಮಸ್ಕಾರ. ಹೋದ ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಕಾರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದೆವು. ಬರೆಯಬೇಕು ಅಂದುಕೊಂಡು ಸುಮ್ನೆ ಕೂತಿದ್ದೆ. ಮೊನ್ನೆ ಇಲ್ಲೇ ಯಾರೋ ‘ದಾವಣಗೆರೆಯಿಂದ ಎರಡು ಮೂರು ದಿನಕ್ಕೆ ಎಲ್ಲಿ ಹೋಗಬಹುದು’ ಅಂತ ಕೇಳಿದ್ದರು. ಅರ್ಧ ಜನ ಹಂಪಿ ಅಂದರು, ಅರ್ಧ ಜನ ಜೋಗ ಅಂದರು. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಟೀ ಇಟ್ಟುಕೊಂಡು ಓದಿ.

ಮೊದಲು ಅಪ್ಪನ ವಿಷಯ ಹೇಳಬೇಕು. ಅವರಿಗಾಗಿಯೇ ಈ ಪ್ರವಾಸ. ನಮ್ಮದು ಭದ್ರಾ ನಾಲೆಯ ಕೊನೆ ಭಾಗದ ಹಳ್ಳಿ. ಕೊನೆ ಭಾಗ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡ ಮೇಲೆ ಉಳಿದದ್ದು ನಮಗೆ. ಮಳೆಗಾಲ ಶುರುವಾದರೆ ಅಪ್ಪ ಪೇಪರಲ್ಲಿ ಮೊದಲು ನೋಡುವುದು ಡ್ಯಾಂ ಎಷ್ಟು ಅಡಿ ಅಂತ. 186 ಅಡಿ ಆದರೆ ಭರ್ತಿ. ನೂರೈವತ್ತರ ಹತ್ತಿರ ನಿಂತರೆ ಬೇಸಿಗೆ ಭತ್ತದ ಆಸೆ ಬಿಡಬೇಕು. ನಲವತ್ತು ವರ್ಷ ಈ ಲೆಕ್ಕ ಹಾಕಿದ ಮನುಷ್ಯ ಲಕ್ಕವಳ್ಳಿ ಡ್ಯಾಂನಿಂದ ಮೇಲಕ್ಕೆ ಒಂದು ಸಲವೂ ಹೋಗಿರಲಿಲ್ಲ. ‘ಆ ನೀರು ಎಲ್ಲಿಂದ ಬರ್ತೈತೋ ಒಂದ್ಸಲ ನೋಡ್ಬೇಕು’ ಅಂತ ಹೋದ ವರ್ಷ ಬಾಯಿಬಿಟ್ಟು ಹೇಳಿದರು. ಅಪ್ಪ ಯಾವತ್ತೂ ಏನನ್ನೂ ಕೇಳುವವರಲ್ಲ.

ಹಾಗಾಗಿ ದಾರಿ ತಾನಾಗಿಯೇ ಗೊತ್ತಾಯಿತು. ಹೋಗುವಾಗ ಭದ್ರೆ ಹಿಡಿದು ಮೇಲಕ್ಕೆ, ಬರುವಾಗ ತುಂಗೆ ಹಿಡಿದು ಕೆಳಕ್ಕೆ. ಎರಡೂ ಹುಟ್ಟುವುದು ಒಂದೇ ಬೆಟ್ಟದಲ್ಲಿ, ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ. ನೇತ್ರಾವತಿ ಮೂಲವೂ ಅಲ್ಲೇ. ಅದು ಮಾತ್ರ ನಮಗೆ ಬೆನ್ನು ತಿರುಗಿಸಿ ಧರ್ಮಸ್ಥಳದ ಕಡೆ ಇಳಿದು ಮಂಗಳೂರಿಗೆ ಹೋಗುತ್ತೆ.

ಬೆಳಗ್ಗೆ ಐದಕ್ಕೆ ಬಿಟ್ಟೆವು. ಚನ್ನಗಿರಿ, ಭದ್ರಾವತಿ, ನರಸಿಂಹರಾಜಪುರ, ಬಾಳೆಹೊನ್ನೂರು, ಕಳಸ. 200 ಕಿ.ಮೀ. ಮೇಲಾಗುತ್ತೆ. ಭದ್ರಾವತಿ ತನಕ ನಮ್ಮದೇ ಊರಿದ್ದ ಹಾಗೆ, ಭತ್ತ, ಅಡಿಕೆ, ನಾಲೆ. ಆಮೇಲೆ ತಿರುವು ಶುರು. ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಬಾಳೆಹೊನ್ನೂರಲ್ಲಿ ಸೇತುವೆ ದಾಟಿದ ಮೇಲೆ ಅಪ್ಪ ‘ನಿಲ್ಸು’ ಅಂದರು. ಇಳಿದು ಬಂದು ಕೆಳಗೆ ನೋಡುತ್ತಾ ನಿಂತರು. ‘ಇದು ಅದೇ ನೀರಾ?’ ಅಂದರು. ಹೌದು ಅಂದೆ. ‘ಭಾರಿ ತಿಳಿ ಐತಲ್ಲೋ’ ಅಂದರು. ನಾಲೆಯಲ್ಲಿ ನೋಡಿದ್ದು ಯಾವಾಗಲೂ ಕೆಂಪು ನೀರೇ ಅಲ್ವಾ.

ಕಳಸದಲ್ಲಿ ಒಂದು ಹೋಂಸ್ಟೇ ಹಿಡಿದಿದ್ದೆವು. ಹೆಸರು ಬೇಡ. ಫೋನಲ್ಲಿ ‘ಗಂಗಾಮೂಲ ನಾವೇ ಜೀಪಲ್ಲಿ ತೋರಿಸ್ತೀವಿ’ ಅಂತ ಮುಂಗಡ ತಗೊಂಡಿದ್ದರು. ರಾತ್ರಿ ಊಟಕ್ಕೆ ಕೂತಾಗ ‘ಅಲ್ಲಿ ಈಗ ಬಿಡಲ್ಲ ಸರ್, ಬೇಕಾದ್ರೆ ಬೇರೆ ವ್ಯೂ ಪಾಯಿಂಟ್’ ಅಂತ ರಾಗ ತೆಗೆದರು. ಈಗ ಅಲ್ಲ ಸ್ವಾಮಿ, ಬಹಳ ವರ್ಷದಿಂದ ಅಲ್ಲಿ ಸಾರ್ವಜನಿಕರಿಗೆ ಪ್ರವೇಶ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು. ನಾನೂ ಮೊದಲೇ ವಿಚಾರಿಸಬೇಕಿತ್ತು, ನನ್ನ ತಪ್ಪೂ ಇದೆ. ಅಪ್ಪ ಏನೂ ಅನ್ನಲಿಲ್ಲ. ಕಡುಬಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು ಅಷ್ಟೆ.

ಮರುದಿನ ಬೆಳಗ್ಗೆ ಬೇಗ ಕುದುರೆಮುಖದ ದಾರಿ ಹಿಡಿದೆವು. ಚೆಕ್‌ಪೋಸ್ಟಲ್ಲಿ ಗಾಡಿ ನಂಬರ್ ಬರೆದುಕೊಂಡು, ಒಳಗೆ ಬಂದ ಸಮಯ ಹಾಕಿದ ಚೀಟಿ ಕೊಡುತ್ತಾರೆ. ಆ ಕಡೆ ಗೇಟಲ್ಲಿ ಅದನ್ನು ತೋರಿಸಬೇಕು. ಕೊಟ್ಟ ಸಮಯದೊಳಗೆ ದಾಟಬೇಕು. ಎಲ್ಲೆಂದರಲ್ಲಿ ನಿಲ್ಲಿಸಿ ಚಾಪೆ ಹಾಸಿ ಊಟ ಮಾಡುವ ಹಾಗಿಲ್ಲ. ಹೆಂಡತಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಬುತ್ತಿಯನ್ನು ಕುದುರೆಮುಖ ಊರಲ್ಲಿ ಬಿಚ್ಚಿದೆವು. ಆ ಊರು ನೋಡಿದರೆ ಒಂಥರಾ ಆಗುತ್ತೆ. ಅಗಲವಾದ ರಸ್ತೆ, ಸಾಲು ಸಾಲು ಕ್ವಾರ್ಟರ್ಸ್, ಅರ್ಧಕ್ಕರ್ಧ ಖಾಲಿ. ಗೋಡೆ ಮೇಲೆ ಪಾಚಿ, ಕಿಟಕಿಯೊಳಗೆ ಬಳ್ಳಿ. ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತು ಇಪ್ಪತ್ತು ವರ್ಷ ಆಯಿತು.

ಅಲ್ಲಿಂದ ಮುಂದೆ ಕಾರ್ಕಳದ ಕಡೆ ಹೋಗುವ ರಸ್ತೆಯೇ ಇಡೀ ಪ್ರವಾಸದ ಮುಖ್ಯ ಜಾಗ. ನಾನು ಇದುವರೆಗೆ ಕಂಡಿದ್ದ ಕಾಡು ಅಂದ್ರೆ ನಮ್ಮ ದುರ್ಗದ ಕಡೆಯ ಕುರುಚಲು ಕಾಡು. ಇಲ್ಲಿ ಬೆಟ್ಟದ ತಲೆ ಪೂರ್ತಿ ಬೋಳು, ಬರೀ ಹಸಿರು ಹುಲ್ಲು. ಎರಡು ಬೆಟ್ಟ ಸೇರುವ ಮಡಿಕೆಯಲ್ಲಿ ಮಾತ್ರ ಕಪ್ಪಗೆ ದಟ್ಟ ಕಾಡು. ಮೇಲೆ ಕುರಿ ಉಣ್ಣೆ ಕತ್ತರಿಸಿ, ಕಂಕುಳಲ್ಲಿ ಮಾತ್ರ ಬಿಟ್ಟ ಹಾಗೆ. ಮಂಜು ಬಂದು ಎಲ್ಲ ಮುಚ್ಚುತ್ತೆ. ಎರಡು ನಿಮಿಷಕ್ಕೆ ತೆರೆ ಸರಿದ ಹಾಗೆ ಪೂರ್ತಿ ಬೆಟ್ಟ ಎದುರಿಗೆ ನಿಂತಿರುತ್ತೆ. ಕಾರಲ್ಲಿ ಯಾರೂ ಮಾತಾಡಲಿಲ್ಲ. ಮಗಳ ಮೊಬೈಲೂ ಬ್ಯಾಗಿನೊಳಗೇ ಇತ್ತು. ಸಿಗ್ನಲ್ ಇರಲಿಲ್ಲ ಅನ್ನುವುದೂ ಒಂದು ಕಾರಣ.

ಕದಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಇದೆ. ಹನುಮಾನ್ ಗುಂಡಿಗೆ ಟಿಕೆಟ್ ತಗೊಂಡು ಮೆಟ್ಟಿಲಿಳಿದು ಹೋಗಬೇಕು. ಇಳಿಯುವುದು ಸುಲಭ, ಹತ್ತುವಾಗ ಅಮ್ಮ ನನಗೆ ಎಷ್ಟು ಬೈದರು ಅಂತ ಬರೆಯಲ್ಲ.

ಗಂಗಾಮೂಲದ ಹತ್ತಿರ ಒಬ್ಬ ಗಾರ್ಡ್ ನಿಂತಿದ್ದರು. ಹುಡುಗ, ಇಪ್ಪತ್ತೈದು ಇರಬಹುದು. ಅಪ್ಪ ಗಾಜು ಇಳಿಸಿ, ‘ತಮ್ಮಾ, ಒಳಗೆ ಹೋಗಲ್ಲ. ಭದ್ರೆ ಯಾವ ಕಡೆ ಐತಿ ಅಷ್ಟು ಹೇಳು’ ಅಂದರು. ಆ ಹುಡುಗ ನಗಲಿಲ್ಲ. ಕಾಡಿನೊಳಗೆ ಕೈ ತೋರಿಸಿ ಹೇಳಿದ. ‘ಎಲ್ಲಿಂದ ಬಂದ್ರಿ ಅಜ್ಜಾ?’ ಅಂತ ಕೇಳಿದ. ದಾವಣಗೆರೆ ಅಂದಾಗ, ‘ಓ, ನಾಲೆ ಕಡೆಯವ್ರಾ?’ ಅಂದ. ಅಪ್ಪನಿಗೆ ಅಷ್ಟೇ ಸಾಕಾಯಿತು. ಅಷ್ಟು ದೂರದ ಕಾಡಲ್ಲಿ ನಿಂತ ಹುಡುಗನಿಗೆ ನಮ್ಮ ನಾಲೆ ಗೊತ್ತು ಅಂತ ಈಗಲೂ ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಆಮೇಲೆ ಎಸ್.ಕೆ. ಬಾರ್ಡರ್ ಗೇಟ್ ಹತ್ತಿರ ತಿರುಗಿ, ಕೆರೆಕಟ್ಟೆ ದಾರಿಯಲ್ಲಿ ಶೃಂಗೇರಿಗೆ ಬಂದು ಉಳಿದೆವು. ವಾಪಸ್ ಬಂದ ಕತೆ ಬೇರೆ, ಯಾರಾದರೂ ಕೇಳಿದರೆ ಬರೆಯುತ್ತೇನೆ.

ಬೆಣ್ಣೆದೋಸೆ ಭಕ್ತ:

ಅಣ್ಣಾ, ಓದಿ ಹೊಟ್ಟೆ ತುಂಬಿತು. ಎರಡು ಪ್ರಶ್ನೆ. ಒಂದು, ನರಸಿಂಹರಾಜಪುರದ ದಾರಿ ಬದಲು ತರೀಕೆರೆ, ಚಿಕ್ಕಮಗಳೂರು ಮೇಲೆ ಹೋದರೆ ಹೇಗೆ? ಎರಡು, ಅಲ್ಲಿ ತಿನ್ನೋದಕ್ಕೆ ಏನು ಸಿಗುತ್ತೆ? ನಮ್ಮ ಮನೆಯಲ್ಲಿ ಸಂಜೆ ನಾಲ್ಕಾದರೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ಯಾರೂ ಮಾತಾಡಲ್ಲ.

ಕೊನೆಭಾಗದವನು:

ಚಿಕ್ಕಮಗಳೂರು ದಾರಿ ಸುತ್ತು. ರಜೆ ದಿನ ಆ ಊರಿನ ಟ್ರಾಫಿಕ್ ಬೇರೆ. ಭದ್ರೆ ನೋಡುವ ಹುಚ್ಚಿಲ್ಲದಿದ್ದರೆ ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ ಮೇಲೆ ಹೋಗಿ ಹಾಗೇ ಬಂದರೂ ಆಯಿತು.

ತಿಂಡಿ ವಿಷಯಕ್ಕೆ ಬಂದರೆ, ಕಾಡೊಳಗೆ ಏನೂ ಇಲ್ಲ, ಇರಲೂ ಬಾರದು. ಕಳಸದಲ್ಲಿ ನೀರು ದೋಸೆ, ಕಡುಬು ಸಿಗುತ್ತೆ. ಮಂಡಕ್ಕಿ ಮನೆಯಿಂದಲೇ ಒಯ್ಯಿರಿ. ನಾವು ಒಯ್ದಿದ್ದೆವು. ಮಲೆನಾಡಿನ ಗಾಳಿಗೆ ಅರ್ಧ ಗಂಟೆಯಲ್ಲಿ ಮೆತ್ತಗಾಯಿತು. ಡಬ್ಬಿಯಲ್ಲಿ ಹಾಕಿ, ಕವರ್‌ನಲ್ಲಿ ಬೇಡ. ಚೆಕ್‌ಪೋಸ್ಟಲ್ಲಿ ಪ್ಲಾಸ್ಟಿಕ್ ಕೇಳುತ್ತಾರೆ.

ದುರ್ಗದ ಹೈದ:

ಗುರೂ, ನಾಲೆ ಕಡೆಯವರು ನೀವು ಎಷ್ಟು ಅಡಿ ಅಂತ ಕೇಳ್ತೀರಿ. ನಾವು ಭದ್ರೆ ನೀರನ್ನು ದುರ್ಗದ ಕಡೆ ತರುವ ಭದ್ರಾ ಮೇಲ್ದಂಡೆ ಯೋಜನೆ ಯಾವಾಗ ಮುಗಿಯುತ್ತೆ ಅಂತ ಕೇಳಿ ಕೇಳಿ ಕೂದಲು ಬೆಳ್ಳಗಾಯಿತು. ನಿಮ್ಮಪ್ಪನನ್ನು ಒಮ್ಮೆ ನಮ್ಮ ಕಡೆ ಕಳಿಸಿ. ಕೊನೆ ಭಾಗ ಅಂದ್ರೆ ಏನು ಅಂತ ನಾವು ತೋರಿಸ್ತೀವಿ.

ತಮಾಷೆ ಬಿಡಿ. ಆ ನೀರಿನ ಬೆಲೆ ನಮಗೂ ಗೊತ್ತು. ನಮ್ಮ ಮಾರಿಕಣಿವೆ ಡ್ಯಾಂ, ಅಂದ್ರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. ನಮ್ಮ ಅಜ್ಜಿ ಚಿಕ್ಕವಳಿದ್ದಾಗ ಕೇಳಿದ್ದ ಕತೆ, ನಾವು ಕಣ್ಣಾರೆ ಕಂಡೆವು. ಮಳೆ ಚೆನ್ನಾಗಿತ್ತು ಹೌದು. ಭದ್ರೆಯಿಂದ ಬಂದ ನೀರಿನ ಪಾಲೂ ಇತ್ತು. ಅವತ್ತು ಮಾರಿಕಣಿವೆಗೆ ಹೋದ ಜನ ನೋಡಿದ್ದರೆ ಜಾತ್ರೆ ಅನ್ನಬೇಕಿತ್ತು. ನೀರು ಹರಿಯೋದನ್ನು ನೋಡಿ ಕಣ್ಣೀರು ಹಾಕಿದವರೂ ಇದ್ದರು. ನಿಮ್ಮ ಅಪ್ಪ ಬಾಳೆಹೊನ್ನೂರು ಸೇತುವೆ ಮೇಲೆ ನಿಂತದ್ದು ನನಗೆ ಅದಕ್ಕೇ ಚೆನ್ನಾಗಿ ಅರ್ಥ ಆಯಿತು.

ಒಂದು ಜಗಳ ಮಾತ್ರ ಇದೆ. ದುರ್ಗದ ಕಾಡನ್ನು ಕುರುಚಲು ಅಂದದ್ದಕ್ಕೆ. ಜೋಗಿಮಟ್ಟಿಗೆ ಮಳೆ ಬಿದ್ದ ಮೇಲೆ ಬನ್ನಿ. ಅಲ್ಲೂ ಮಂಜು ಬರುತ್ತೆ. ಹಿಮವತ್ಕೇದಾರದಲ್ಲಿ ಬಂಡೆ ಮೇಲಿಂದ ನೀರು ಇಳಿಯುತ್ತೆ. ಜಗಳೂರು ಕಡೆ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಇದೆ. ನಾಲ್ಕು ಕೊಂಬಿನ ಪ್ರಾಣಿ ಕುದುರೆಮುಖದವರ ಹತ್ತಿರ ಇದೆಯಾ, ಕೇಳಿ ನೋಡಿ!

ಕೊನೆಭಾಗದವನು:

ತಪ್ಪಾಯಿತು ಗುರೂ. ಕುರುಚಲು ವಾಪಸ್ ತಗೊಂಡೆ. ರಂಗಯ್ಯನದುರ್ಗ ನಮ್ಮ ಜಿಲ್ಲೆಯದ್ದು ಅನ್ನೋದನ್ನು ಮಾತ್ರ ನೆನಪಿಡಿ.

ಮಲೆನಾಡ ಸೊಸೆ ಅಲ್ಲ ಮಗಳು:

ನಾನು ಕಳಸದ ಕಡೆ ಹುಟ್ಟಿ ಬೆಳೆದವಳು. ಮದುವೆಯಾಗಿ ದಾವಣಗೆರೆಗೆ ಬಂದು ಹದಿನೈದು ವರ್ಷ. ಇಲ್ಲಿನ ಬಿಸಿಲಿಗೆ ಇನ್ನೂ ಹೊಂದಿಕೊಂಡಿಲ್ಲ, ಮಿರ್ಚಿಗೆ ಹೊಂದಿಕೊಂಡೆ. ಅಣ್ಣ ಚೆಂದ ಬರೆದಿದ್ದಾರೆ. ಕೆಲವು ಸೇರಿಸುತ್ತೇನೆ.

ಬೆಟ್ಟದ ತಲೆ ಬೋಳು ಅಂದಿರಿ. ನಮ್ಮ ಊರಿಗೆ ಬಂದ ನೆಂಟರೆಲ್ಲ ಹಾಗೇ ಅನ್ನುತ್ತಾರೆ, ‘ಯಾರು ಕಡಿದರು?’ ಅಂತ. ಯಾರೂ ಕಡಿದಿಲ್ಲ. ಅದು ಇರುವುದೇ ಹಾಗೆ. ಗಾಳಿ ಬಡಿಯುವ ನೆತ್ತಿಯಲ್ಲಿ ಹುಲ್ಲು, ಗಾಳಿ ತಪ್ಪುವ ಮಡಿಕೆಯಲ್ಲಿ ಮರ. ಆ ಮಡಿಕೆಯ ಕಾಡಿಗೆ ಶೋಲಾ ಅಂತಾರೆ. ಹುಲ್ಲು ಅಂದ್ರೆ ದನ ಮೇಯುವ ಬಯಲು ಅಂದುಕೊಳ್ಳಬೇಡಿ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆಯ ಹತ್ತು ಪಟ್ಟು ಮಳೆ ಆ ಬೆಟ್ಟದ ಮೇಲೆ ಬೀಳುತ್ತೆ. ಜೂನಿಂದ ಸೆಪ್ಟೆಂಬರ್ ಒಳಗೇ ಹೆಚ್ಚೂಕಮ್ಮಿ ಎಲ್ಲ ಬಿದ್ದು ಮುಗಿಯುತ್ತೆ. ಹುಲ್ಲಿನ ಬೇರು, ಅದರ ಕೆಳಗಿನ ಮಣ್ಣು ಅದನ್ನು ಕುಡಿದು ಇಟ್ಟುಕೊಳ್ಳುತ್ತೆ. ಆಮೇಲೆ ಶೋಲಾದೊಳಗೆ ಸ್ವಲ್ಪ ಸ್ವಲ್ಪವೇ ಬಿಡುತ್ತೆ. ಮಾರ್ಚ್ ತಿಂಗಳಲ್ಲೂ ನಮ್ಮ ತೋಟದ ಹಿಂದಿನ ಹಳ್ಳದಲ್ಲಿ ನೀರು ಜಿನುಗುತ್ತಿತ್ತು. ನಿಮ್ಮ ಬೇಸಿಗೆ ಭತ್ತಕ್ಕೆ ಬರುವುದು ಡ್ಯಾಂನಲ್ಲಿ ನಿಂತ ನೀರು ಸರಿ. ಡ್ಯಾಂಗೆ ಬರುವ ಮೊದಲು ಅದು ಹುಲ್ಲಿನಡಿ ನಿಂತಿರುತ್ತೆ.

ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದೇ ದೊಡ್ಡ ಕಷ್ಟ. ಒಂದು ಬೀಡಿ ತುಂಡು ಸಾಕು. ಗಾಜು ಇಳಿಸಿ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ.

ಕಳಸದಿಂದ ಹೊರನಾಡಿಗೆ ಹೋಗುವಾಗ ಹೆಬ್ಬಾಳೆ ಸೇತುವೆ ಸಿಗುತ್ತೆ. ಮಳೆಗಾಲದಲ್ಲಿ ಭದ್ರೆ ಅದರ ಮೇಲೇ ಹರಿಯುತ್ತಿದ್ದಳು. ನಾವು ಶಾಲೆಗೆ ಹೋಗುವಾಗ ಸೇತುವೆ ಮುಳುಗಿದರೆ ರಜೆ. ಇಲ್ಲಿ ನಾಲೆಗೆ ನೀರು ಬಂತು ಅಂತ ನೀವು ಹಬ್ಬ ಮಾಡುವ ಹೊತ್ತಿಗೆ ಅಲ್ಲಿ ನಮಗೆ ಎರಡು ದಿನ ರಜೆ ಆಗಿರುತ್ತಿತ್ತು!

ಅಣ್ಣಾ, ಸಿಂಗಳೀಕ ಕಂಡವಾ?

ಕೊನೆಭಾಗದವನು:

ಅಕ್ಕಾ, ಹುಲ್ಲಿನ ವಿಷಯ ಅಪ್ಪನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಅಂದರು.

ಸಿಂಗಳೀಕ ಕಂಡಿತು, ಆದರೆ ಅರ್ಧ. ಕೆರೆಕಟ್ಟೆ ಕಡೆ ಇಳಿಯುವಾಗ ಮೇಲಿಂದ ಹಣ್ಣಿನ ಸಿಪ್ಪೆ ಬಿತ್ತು. ಗಾಡಿ ನಿಧಾನ ಮಾಡಿದೆ. ತುಂಬಾ ಎತ್ತರದಲ್ಲಿ ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಜೂಲು. ಬಾಲದ ತುದಿಯಲ್ಲಿ ಸಿಂಹಕ್ಕಿದ್ದ ಹಾಗೆ ಕುಚ್ಚು. ಒಂದು ಮಾತ್ರ ಪೂರ್ತಿ ಕಂಡಿತು. ಉಳಿದವು ಕೊಂಬೆ ಅಲ್ಲಾಡಿದ್ದರಿಂದ ಗೊತ್ತಾಯಿತು. ಮಗಳು ಬಿಸ್ಕೆಟ್ ಹಾಕೋಣ ಅಂದಳು. ಅವಳ ಅಜ್ಜ ಬೇಡ ಅಂದರು. ‘ನಮ್ಮ ಬಸ್‌ಸ್ಟ್ಯಾಂಡಿನ ಕೋತಿ ಥರ ಆಗ್ತಾವ’ ಅಂತ.

ಮಲೆನಾಡ ಸೊಸೆ ಅಲ್ಲ ಮಗಳು:

ನೂರಕ್ಕೆ ನೂರು. ಅದು ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಮರದಿಂದ ಮರಕ್ಕೇ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಕಡಿಮೆ. ತಿಂಡಿ ಹಾಕಿ ಹಾಕಿ ಕೆಲವು ಕಡೆ ರಸ್ತೆಗೆ ಇಳಿಸಿಬಿಟ್ಟಿದ್ದಾರೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಬಿಸ್ಕೆಟ್ ಹಾಕಿದವರಿಗೆ ಪುಣ್ಯ ಬರಲ್ಲ.

ಬುಲೆಟ್ ಬಸ್ಯಾ:

ಏನ್ ಅಣ್ಣಾ, ಗಂಗಾಮೂಲ ನೋಡದೆ ಬಂದ್ರಾ? ನಾವು ಐದು ಜನ ಬೈಕಲ್ಲಿ ಹೋಗಿದ್ವಿ. ಯಾರೋ ಲೋಕಲ್ ಹುಡುಗ ಐನೂರು ತಗೊಂಡು ಹಿಂದಿನ ದಾರಿಲಿ ಒಳಗೆ ಕರ್ಕೊಂಡು ಹೋದ. ಹುಲ್ಲಿನ ಮೇಲೆ ಬೈಕ್ ನಿಲ್ಲಿಸಿ ಫೋಟೋ ತೆಗೆದ್ವಿ. ಸೂಪರ್. ಬೇಕಾದ್ರೆ ನಂಬರ್ ಕೊಡ್ತೀನಿ.

ಹಳೇ ಮೇಷ್ಟ್ರು:

ಬಸ್ಯಾ, ನಂಬರ್ ಇಲ್ಲಿ ಹಾಕಬೇಡಪ್ಪ. ಅದು ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಸಿಕ್ಕಿಬಿದ್ದರೆ ಕೇಸು ಆಗುತ್ತೆ, ಬೈಕೂ ಹೋಗುತ್ತೆ. ಐನೂರು ತಗೊಂಡ ಹುಡುಗ ಆಗ ನಿನ್ನ ಫೋನ್ ಎತ್ತುವುದಿಲ್ಲ.

ದುರ್ಗದ ಹೈದ:

ಬಸ್ಯಾ, ಮೇಲೆ ಅಕ್ಕ ಬರೆದದ್ದು ಓದಿದೆಯಾ? ನೀನು ಬೈಕ್ ನಿಲ್ಲಿಸಿದ್ದು ಹುಲ್ಲಿನ ಮೇಲೆ ಅಲ್ಲ, ಇವರಪ್ಪನ ಗದ್ದೆ ಮೇಲೆ.

ಬುಲೆಟ್ ಬಸ್ಯಾ:

ಆಯ್ತು ಬಿಡ್ರಪ್ಪ, ಎಲ್ಲ ಒಟ್ಟಿಗೆ ಬರಬೇಡಿ. ನನಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಫೋಟೋ ತೆಗೀತೀನಿ. ಕಾನೂನು ಪ್ರಕಾರ ಆ ಕಾಡೊಳಗೆ ನಡೆಯೋಕೆ ದಾರಿ ಇಲ್ವಾ ಹಾಗಾದ್ರೆ?

ಮಲೆನಾಡ ಸೊಸೆ ಅಲ್ಲ ಮಗಳು:

ಇದೆ. ಕುದುರೆಮುಖ ಶಿಖರಕ್ಕೇ ಟ್ರೆಕ್ಕಿಂಗ್ ಇದೆ. 1,890 ಮೀಟರ್ ಮೇಲೆ ಎತ್ತರ. ಮುಳ್ಳೋಡಿಯಿಂದ ಶುರು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ತುಂಬಿಹೋಗುತ್ತೆ. ಬೇಸಿಗೆಯಲ್ಲಿ ಬೆಂಕಿ ಭಯಕ್ಕೆ ಮುಚ್ಚುವುದೂ ಉಂಟು. ಹೋಗಿ ಬರಲು ಇಡೀ ದಿನ ಬೇಕು. ಮಳೆಗಾಲದಲ್ಲಿ ಹೋದರೆ ಉಂಬಳ, ಅಂದ್ರೆ ಕಾಡಿನ ಜಿಗಣೆ, ಕಾಲಿಗೆ ಹತ್ತುತ್ತೆ. ಉಪ್ಪು, ಸುಣ್ಣ ಇಟ್ಟುಕೊಳ್ಳಿ. ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬೀಳುತ್ತೆ. ಬೈಕ್ ಕೆಳಗೇ ನಿಲ್ಲಿಸಿ ಬಸಣ್ಣಾ.

ಹಳೇ ಮೇಷ್ಟ್ರು:

ಕೊನೆಭಾಗದವರು ಖಾಲಿ ಕ್ವಾರ್ಟರ್ಸ್ ಬಗ್ಗೆ ಎರಡು ಸಾಲು ಬರೆದು ಮುಂದೆ ಹೋದರು. ಅಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸಿತು.

ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಶುರುವಾದದ್ದು 1976ರಲ್ಲಿ. ಅದಿರು ಕೊಳ್ಳಬೇಕಿದ್ದದ್ದು ಇರಾನ್. ಅಲ್ಲಿ 1979ರಲ್ಲಿ ಕ್ರಾಂತಿ ಆಯಿತು, ರಾಜ ಓಡಿಹೋದ, ಒಪ್ಪಂದವೂ ಹೋಯಿತು. ಬೇರೆ ದೇಶದ ಗಿರಾಕಿ ಹುಡುಕಬೇಕಾಯಿತು. ಅಲ್ಲಿನ ಅದಿರು ನಮ್ಮ ಬಳ್ಳಾರಿ, ಹೊಳಲ್ಕೆರೆ ಕಡೆಯ ಕೆಂಪು ಅದಿರಿನಂಥದ್ದಲ್ಲ. ಕಬ್ಬಿಣದ ಅಂಶ ಕಡಿಮೆ. ಬೆಟ್ಟ ಒಡೆದು, ಪುಡಿ ಮಾಡಿ, ಬೇಕಾದ್ದನ್ನು ಬೇರೆ ಮಾಡಿ, ನೀರಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ರಾಡಿ ತುಂಬಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಅಂದ್ರೆ ಅದು ನೀರಿನ ಡ್ಯಾಂ ಅಲ್ಲ, ರಾಡಿಯ ಡ್ಯಾಂ.

ಇಷ್ಟೆಲ್ಲ ನಡೆಯುತ್ತಿದ್ದಾಗಲೇ 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿ.ಮೀ. ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಸಿಂಗಳೀಕದ ಬಗ್ಗೆ ಉಲ್ಲಾಸ ಕಾರಂತರು ಮಾಡಿದ ಸಮೀಕ್ಷೆ ಅದಕ್ಕೆ ಒಂದು ದೊಡ್ಡ ಕಾರಣ. ಒಂದು ಕಡೆ ಕಾಡು ಉಳಿಸುವ ಆದೇಶ, ನಡುವೆ ಗಣಿ. ಹೆಚ್ಚು ದಿನ ಎರಡೂ ಒಟ್ಟಿಗೆ ಬಾಳುವಂತಿರಲಿಲ್ಲ. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಇಳಿಯುತ್ತಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು.

ಇದರಲ್ಲಿ ನಮಗೆ ಏನು ಸಂಬಂಧ ಅಂತ ಆಗ ಇಲ್ಲಿ ಬಹಳ ಜನ ಕೇಳಿದ್ದು ನೆನಪಿದೆ. ಭದ್ರೆಗೆ ಇಳಿದ ಹೂಳು ಎಲ್ಲಿ ಹೋಗಿ ಕೂರುತ್ತೆ? ಲಕ್ಕವಳ್ಳಿ ಡ್ಯಾಂ ತಳದಲ್ಲಿ. ಜಲಾಶಯದ ಹೊಟ್ಟೆ 71.5 ಟಿಎಂಸಿ ಅಂತ ಪುಸ್ತಕದಲ್ಲಿದೆ. ಹೂಳು ಎಷ್ಟು ಕೂತಿದೆಯೋ ಅಷ್ಟು ಕಡಿಮೆ ಮಾಡಿಕೊಳ್ಳಬೇಕು. 186 ಅಡಿ ಅಂತ ಪೇಪರಲ್ಲಿ ಓದಿದಾಗ ನಾವು ಮೇಲಿನ ಗೆರೆ ಮಾತ್ರ ನೋಡುತ್ತೇವೆ, ಕೆಳಗಿನದು ಕಾಣಲ್ಲ.

ಗಾಜಿನಮನೆ ಪಕ್ಕದವ:

ಮೇಷ್ಟ್ರೇ, ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಆದರೂ ಒಂದು ಮಾತು. ನಮ್ಮ ಚಿಕ್ಕಪ್ಪ ಅಲ್ಲೇ ಕೆಲಸದಲ್ಲಿದ್ದರು. ಬೇಸಿಗೆ ರಜೆಗೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ಆಗ ಆ ಊರಲ್ಲಿ ಶಾಲೆ, ಆಸ್ಪತ್ರೆ, ಸಂತೆ, ಸಂಜೆ ಆಟದ ಮೈದಾನ ಎಲ್ಲ ತುಂಬಿರುತ್ತಿತ್ತು. ದೇಶದ ಎಲ್ಲ ಭಾಷೆಯೂ ಕೇಳುತ್ತಿತ್ತು. ಗಣಿ ನಿಂತ ಮೇಲೆ ಚಿಕ್ಕಪ್ಪನ ಮನೆಯವರು ಮಂಗಳೂರಿಗೆ ಹೋದರು. ಚಿಕ್ಕಮ್ಮ ಇವತ್ತಿಗೂ ‘ನಮ್ಮೂರು’ ಅನ್ನುವುದು ಕುದುರೆಮುಖಕ್ಕೇ. ಅವರ ಕ್ವಾರ್ಟರ್ಸ್ ಕಿಟಕಿಯಲ್ಲೇ ಇವತ್ತು ಬಳ್ಳಿ ಹಬ್ಬಿರಬೇಕು. ಕಾಡು ವಾಪಸ್ ಬರುತ್ತಿದೆ, ಸಂತೋಷ. ಆದರೆ ಅಲ್ಲಿ ಹುಟ್ಟಿದ ಮಕ್ಕಳಿಗೆ ತೋರಿಸಲು ಊರೇ ಇಲ್ಲ.

ಹಳೇ ಮೇಷ್ಟ್ರು:

ನಿಮ್ಮ ಚಿಕ್ಕಮ್ಮನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಂತದ್ದು ಸರಿ ಅಂತಲೇ ಈಗಲೂ ಹೇಳುತ್ತೇನೆ. ಅವರ ಎದುರಿಗೆ ಹೇಳಲು ಬಾಯಿ ಬರಲಿಕ್ಕಿಲ್ಲ.

ಬೆಣ್ಣೆದೋಸೆ ಭಕ್ತ:

ಅಣ್ಣಾ, ವಾಪಸ್ ಬಂದ ಕತೆ ಬಾಕಿ ಇದೆ.

ಕೊನೆಭಾಗದವನು:

ಬಂದೆ. ಶೃಂಗೇರಿಯಲ್ಲಿ ಬೆಳಗ್ಗೆ ದರ್ಶನ ಮಾಡಿ, ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದೆವು. ಮೆತ್ತಗಾದ ಮಂಡಕ್ಕಿ ಕೊನೆಗೂ ಕೆಲಸಕ್ಕೆ ಬಂತು. ತೀರ್ಥಹಳ್ಳಿ, ಶಿವಮೊಗ್ಗ. ಈ ದಾರಿಯ ಬಗ್ಗೆ ಬರೆಯುವಂಥದ್ದು ಏನಿಲ್ಲ, ಎಲ್ಲರೂ ಓಡಾಡಿದ್ದೇ.

ಶಿವಮೊಗ್ಗ ದಾಟಿದ ಮೇಲೆ ಕೂಡ್ಲಿಗೆ ತಿರುಗಿದೆವು. ತುಂಗೆ, ಭದ್ರೆ ಸೇರುವ ಜಾಗ. ನಾನು ಎಷ್ಟೋ ಸಲ ಹೋಗಿದ್ದೇನೆ. ನದಿ ಸೇರುತ್ತೆ, ಕೈ ಮುಗಿದು ಬರುವುದು ಅಷ್ಟೇ ಅಂದುಕೊಂಡಿದ್ದೆ. ಈ ಸಲ ಅಪ್ಪ ನೀರಿಗೆ ಇಳಿದರು. ಮೊಣಕಾಲವರೆಗೆ ನಿಂತು ಎರಡೂ ಕಡೆ ನೋಡಿದರು. ಆಮೇಲೆ ಮಗಳನ್ನು ಕರೆದು ಲೆಕ್ಕ ಒಪ್ಪಿಸಿದರು. ‘ಇಕಾ, ಇದು ಮೊನ್ನೆ ಬಾಳೆಹೊನ್ನೂರಾಗ ನೋಡಿದ್ದು. ಇದು ಬೆಳಗ್ಗೆ ಮೀನು ಇದ್ದದ್ದು. ಎರಡೂ ನಿನ್ನೆ ಆ ಹುಡುಗ ಕೈ ಮಾಡಿ ತೋರಿಸಿದ ಕಾಡಿನಾಗ ಹುಟ್ಟಿದ್ದು. ಇಲ್ಲಿಂದ ಹೊನ್ನಾಳಿ, ಹರಿಹರ.’

ಮಗಳು ಕೇಳಿದಳು, ‘ಹಾಗಾದ್ರೆ ನಮ್ಮ ಮನೆ ನಲ್ಲಿಯಲ್ಲಿ ಬರೋದು ಯಾವುದು ತಾತ?’

ಅಪ್ಪ ನನ್ನ ಮುಖ ನೋಡಿದರು. ಕುಂದವಾಡ ಕೆರೆಗೆ ಬರುವುದು ಭದ್ರಾ ನಾಲೆ ನೀರು, ರಾಜನಹಳ್ಳಿಯಿಂದ ಎತ್ತುವುದು ತುಂಗಭದ್ರೆ ಅಂತ ಹೇಳಿದೆ. ‘ಎರಡೂನಾ?’ ಅಂದಳು. ದಾರಿಯುದ್ದಕ್ಕೂ ಬಾಟಲಿಯ ನೀರು ಕುಡಿಯುವಾಗ ‘ಇದು ಯಾವುದು?’ ಅಂತ ತಲೆ ತಿಂದಳು.

ದುರ್ಗದ ಹೈದ:

ನಮ್ಮದು ಸೂಳೆಕೆರೆ ನೀರು. ಪಾಪು ಕೇಳಿದರೆ ಹೇಳಿ.

ಹೊಸಬಳು:

ನಾನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅಮ್ಮನನ್ನು ಕರೆದುಕೊಂಡು ಜನವರಿಯಲ್ಲಿ ಹೋಗಬೇಕು ಅಂತಿದ್ದೇನೆ. ಅಮ್ಮನಿಗೆ ಮಂಡಿ ನೋವು, ನಮ್ಮ ಹತ್ತಿರ ಕಾರಿಲ್ಲ. ಬಸ್ಸಲ್ಲಿ ಆಗುತ್ತಾ?

ಮಲೆನಾಡ ಸೊಸೆ ಅಲ್ಲ ಮಗಳು:

ಆಗುತ್ತೆ ತಂಗಿ. ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ಶೃಂಗೇರಿ ಬಸ್ಸು ಹಿಡಿಯಿರಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಗ್ಗೆ ಅಲ್ಲೇ ಒಂದು ಬಾಡಿಗೆ ಕಾರು ಮಾಡಿಕೊಂಡರೆ ಕೆರೆಕಟ್ಟೆ, ಕುದುರೆಮುಖ, ಕಳಸ ನೋಡಿಕೊಂಡು ಸಂಜೆಗೆ ವಾಪಸ್. ಬಾಡಿಗೆ ಮೊದಲೇ ಮಾತಾಡಿ. ಗಂಗಾಮೂಲ ತೋರಿಸ್ತೀನಿ ಅಂದವರ ಕಾರು ಹತ್ತಬೇಡಿ. ಹನುಮಾನ್ ಗುಂಡಿ ಮೆಟ್ಟಿಲು ಅಮ್ಮನಿಗೆ ಬೇಡವೇ ಬೇಡ. ಕದಂಬಿ ಕಾರಲ್ಲಿ ಕೂತೇ ಕಾಣುತ್ತೆ. ಜನವರಿಗೆ ನೀರು ಸಣ್ಣದಾಗಿರುತ್ತೆ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತೆ. ಅದೂ ಚೆಂದವೇ. ಬೆಳಗ್ಗೆ ಚಳಿ ಜಾಸ್ತಿ, ಅಮ್ಮನಿಗೆ ಸ್ವೆಟರ್ ಮರೆಯಬೇಡಿ.

ಕೊನೆಭಾಗದವನು:

ವಾಂತಿ ಬರುವವರಿದ್ದರೆ ಮುಂದಿನ ಸೀಟು ಕೊಡಿ. ನಿಂಬೆಹಣ್ಣು ಇಟ್ಟುಕೊಳ್ಳಿ. ಮಂಡಕ್ಕಿ ಡಬ್ಬಿಯಲ್ಲಿ.